ಹಣ್ಣುಗಳನ್ನು ತಾನಾಗಿಯೇ ವಿಂಗಡಿಸುವ ಯಂತ್ರವನ್ನು ಸ್ವಂತವಾಗಿ ಕಟ್ಟಬೇಕೆಂದರೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಹಣ್ಣುಗಳು ನಡುವೆ ಅಂತರ ಬಿಟ್ಟು ಒಂದೊಂದಾಗಿ ಸಾಗುವಂತೆ ಮಾಡುವ ಭಾಗದಿಂದ ಆರಂಭಿಸಿ. ಕ್ಯಾಮೆರಾ, ಪ್ರೋಗ್ರಾಮ್ ಎಲ್ಲವೂ ಆಮೇಲೆ.

ಏಕೆಂದರೆ ಯಂತ್ರವು ಹಣ್ಣನ್ನು ನೋಡುವ ಜಾಗ ಬೇರೆ, ಪಕ್ಕಕ್ಕೆ ತಳ್ಳುವ ಜಾಗ ಬೇರೆ. ಬೆಲ್ಟ್ ಸೆಕೆಂಡಿಗೆ 20 ಸೆಂ.ಮೀ. ಚಲಿಸುತ್ತಿದ್ದು, ಕ್ಯಾಮೆರಾದಿಂದ ತಳ್ಳುವ ತೋಳಿಗೆ 30 ಸೆಂ.ಮೀ. ದೂರವಿದ್ದರೆ, ಹಣ್ಣು ತೋಳಿನ ಮುಂದೆ ಬರುವುದು 1.5 ಸೆಕೆಂಡುಗಳ ನಂತರ. ಎರಡು ಹಣ್ಣುಗಳು ಒಂದಕ್ಕೊಂದು ತಾಗಿಕೊಂಡು ಬಂದರೆ, ಗುರುತಿಸುವಿಕೆ ಎಷ್ಟೇ ನಿಖರವಾಗಿದ್ದರೂ ಪಕ್ಕದ ಒಳ್ಳೆಯ ಹಣ್ಣೂ ಕೆಟ್ಟದ್ದರ ಬುಟ್ಟಿಗೆ ಬೀಳುತ್ತದೆ. ಭಾರ ಹೆಚ್ಚಿದಾಗ ಬೆಲ್ಟ್ ನಿಧಾನವಾಗುವುದೂ ಉಂಟು. ಆದ್ದರಿಂದ ಬರೀ ಸಮಯವನ್ನು ನಂಬಬೇಡಿ. ಎನ್‌ಕೋಡರ್, ಅಂದರೆ ಉರುಳೆ ಎಷ್ಟು ತಿರುಗಿತೆಂದು ಎಣಿಸುವ ಸಂವೇದಕವನ್ನು ಅಳವಡಿಸಿ ಬೆಲ್ಟ್ ಸಾಗಿದ ದೂರವನ್ನೇ ಅಳೆಯಿರಿ. ಯೋಜನೆಯ ಹೆಚ್ಚಿನ ಸಮಯವನ್ನು ಇಲ್ಲಿಗೇ ಮೀಸಲಿಡುವುದು ನನ್ನ ದೃಷ್ಟಿಯಲ್ಲಿ ಸರಿ.

ನಂತರ ಬೆಳಕು. ಹೊರಗಿನ ಬೆಳಕು ಗಳಿಗೆಗೊಂದು ಬಗೆಯಾಗುವುದರಿಂದ ಅದೇ ಹಣ್ಣು ಬೇರೆ ಬಣ್ಣದ್ದಾಗಿ ಕಾಣುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಸ್ಥಿರವಾದ ದೀಪದಡಿ ಇರಿಸಿ, ಅದು ಬಣ್ಣವನ್ನು ತಾನೇ ಸರಿಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ನಿಲ್ಲಿಸಿ.

ಮೊದಲ ಮಾದರಿಗೆ ಒಂದೇ ಜಾತಿಯ ಹಣ್ಣು, ಮಾಗಿದ್ದು ಮತ್ತು ಮಾಗದ್ದು ಎಂಬ ಎರಡೇ ಗುಂಪು ಸಾಕು. ಮಾಗುವಾಗ ಬಣ್ಣ ಸ್ಪಷ್ಟವಾಗಿ ಬದಲಾಗುವ ಹಣ್ಣನ್ನು ಆರಿಸಿಕೊಂಡರೆ ಕೃತಕ ಬುದ್ಧಿಮತ್ತೆಯೂ ಬೇಕಿಲ್ಲ. ಕೊಳೆತ ಕಲೆ ಹುಡುಕುವ ಕೆಲಸವನ್ನು ಮುಂದೂಡಿ: ಮೇಲಿನ ಕ್ಯಾಮೆರಾಕ್ಕೆ ಹಣ್ಣಿನ ಅಡಿಭಾಗ ಕಾಣುವುದಿಲ್ಲ, ಅದಕ್ಕೆ ಹಣ್ಣನ್ನು ಉರುಳಿಸುತ್ತಾ ಹಲವು ಚಿತ್ರ ತೆಗೆಯಬೇಕಾಗುತ್ತದೆ.