ಹೊಸ ಡೀಸೆಲ್ ಪಿಕಪ್‌ಗೆ ಶೋರೂಮ್‌ನಲ್ಲಿ ಎಷ್ಟು ಇಳಿಸಿ ಕೇಳಬಹುದು?

ಆಮೇಲೆ ಓದುವವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಚಿಂತಾಮಣಿ ಕಡೆಯವರು. ಸೀಸನ್‌ನಲ್ಲಿ ಟೊಮೆಟೊ ಬಾಡಿಗೆ ಹೊಡೆಯುತ್ತೀರಿ, ಉಳಿದ ದಿನ ಅಣ್ಣನ ಹಾರ್ಡ್‌ವೇರ್ ಅಂಗಡಿಯ ಮಾಲು ಸಾಗಿಸಬೇಕು. ಅದಕ್ಕೆ 1.7 ಟನ್ ಹೊರುವ ಡೀಸೆಲ್ ಪಿಕಪ್ ನೋಡಿಟ್ಟಿದ್ದೀರಿ. ಶೋರೂಮ್‌ನವರು "ಗಾಡಿ ಮೇಲೆ ಡಿಸ್ಕೌಂಟ್ ಇಲ್ಲ, ಬೇಕಾದರೆ ಫಿಟಿಂಗ್ಸ್ ಫ್ರೀ ಹಾಕಿಸಿಕೊಡ್ತೀವಿ, ಲೋನ್ ನಾವೇ ಮಾಡಿಸ್ತೀವಿ" ಎಂದಿದ್ದಾರೆ. ಎಷ್ಟು ಇಳಿಸಿ ಕೇಳೋದು?

ನಾನು ತಿಪಟೂರು ಕಡೆ ಕೊಬ್ಬರಿ, ಕಾಯಿ ಸಾಗಿಸುವವನು. ನಮ್ಮ ಗಾಡಿಗಳನ್ನೂ ಹೊಸದಾಗಿಯೇ ತಗೊಂಡಿದ್ದು. ಊರಿನವರು ಗಾಡಿ ತಗೊಳ್ಳುವಾಗ "ನೀನೂ ಬಾ" ಅಂತ ಕರೆದುಕೊಂಡು ಹೋಗುತ್ತಾರೆ. ನೋಡಿದ್ದರ ಮೇಲೆ ಹೇಳುವುದಾದರೆ, ನೀವು ಜಗ್ಗುತ್ತಿರುವ ಜಾಗದಲ್ಲಿ ದುಡ್ಡು ಕಡಿಮೆ. ಎಕ್ಸ್ ಶೋರೂಮ್ ಬೆಲೆಯಲ್ಲಿ, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಗಾಡಿ ಬೆಲೆಯಲ್ಲಿ, ಡೀಲರ್ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ಅವರಿಗೆ ಕಾಸು ಸಿಗುವುದು ಲೋನು, ಇನ್ಶೂರೆನ್ಸು, ಹ್ಯಾಂಡ್ಲಿಂಗು, ಫಿಟಿಂಗ್ಸಿನಲ್ಲಿ. "ಡಿಸ್ಕೌಂಟ್ ಇಲ್ಲ" ಎಂದವರೇ "ಲೋನ್ ನಮ್ಮಲ್ಲೇ ಮಾಡಿಸಿ" ಅಂತ ಯಾಕೆ ಒತ್ತಾಯ ಮಾಡುತ್ತಾರೆ ಹೇಳಿ?

ಹಾಗಾಗಿ ಮೊದಲು ಮಾಡಬೇಕಾದ್ದು ಇಷ್ಟು. ಗಾಡಿ, ಲೋನು, ಇನ್ಶೂರೆನ್ಸು, ಹಳೇ ಗಾಡಿ ಎಕ್ಸ್‌ಚೇಂಜ್ ಇದ್ದರೆ ಅದು, ಈ ನಾಲ್ಕನ್ನೂ ಬೇರೆ ಬೇರೆ ವ್ಯಾಪಾರ ಅಂತ ಇಟ್ಟುಕೊಳ್ಳಿ. ಸೇಲ್ಸ್ ಹುಡುಗ ಎಲ್ಲವನ್ನೂ ಕಲಸಿ "ಸರ್, ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ?" ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಡಬೇಡಿ. ಕಂತು ಹೇಳಿದಿರೋ, ಗಾಡಿ ರೇಟಿನ ಮಾತು ಅಲ್ಲಿಗೇ ಮುಗಿಯಿತು. "ಸದ್ಯಕ್ಕೆ ಕ್ಯಾಶ್ ಅಂತಲೇ ಇಟ್ಟುಕೊಳ್ಳಿ, ಆನ್ ರೋಡ್ ಕೊಟೇಶನ್ ಸಾಲು ಸಾಲಾಗಿ ಬರೆದುಕೊಡಿ" ಎನ್ನಿ.

ಆ ಹಾಳೆ ಕೈಗೆ ಬಂದಾಗ ಹೀಗಿರುತ್ತದೆ. ಮೇಲೆ ಎಕ್ಸ್ ಶೋರೂಮ್. ಕೆಳಗೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್. ಅದರ ಕೆಳಗೆ "ಆರ್‌ಟಿಒ ಮತ್ತು ಇತರೆ" ಅಂತ ಒಂದೇ ದಪ್ಪ ಅಂಕಿ. ನಾವು ಹೋಗಿದ್ದ ಒಂದು ಕಡೆ ಆ ಸಾಲನ್ನು ಬಿಡಿಸಿ ಬರೆಯಿರಿ ಎಂದಾಗ ಮ್ಯಾನೇಜರ್ ಪೆನ್ನು ಹಿಡಿದು ಸುಮ್ನೆ ಕೂತರು. ಆಮೇಲೆ ನಿಧಾನಕ್ಕೆ ಬರೆದರು: ರಿಜಿಸ್ಟ್ರೇಶನ್, ಹೈಪಾಥಿಕೇಶನ್, ಸ್ಮಾರ್ಟ್ ಕಾರ್ಡ್, ಲಾಜಿಸ್ಟಿಕ್ಸ್, ಫೈಲ್ ಚಾರ್ಜ್, ನಂಬರ್ ಪ್ಲೇಟ್. ಸರ್ಕಾರಕ್ಕೆ ಹೋಗುವುದು ಮೊದಲ ಮೂರು ಮಾತ್ರ. ಕೇಂದ್ರದ ನಿಯಮದ ಪ್ರಕಾರ ಲಘು ಸರಕು ವಾಹನದ ರಿಜಿಸ್ಟ್ರೇಶನ್ ಶುಲ್ಕ 1,000 ರೂಪಾಯಿ, ಹೈಪಾಥಿಕೇಶನ್, ಅಂದರೆ ಆರ್‌ಸಿಯಲ್ಲಿ ಲೋನ್ ನಮೂದಿಸಲು 1,500, ಕಾರ್ಡಿಗೆ 200. ನಂಬರ್ ಪ್ಲೇಟು, ಅಂದರೆ ಎಚ್‌ಎಸ್‌ಆರ್‌ಪಿ ಎನ್ನುವ ಹೈ ಸೆಕ್ಯುರಿಟಿ ಪ್ಲೇಟು, 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆ ಕಂಪನಿಯಿಂದಲೇ ಬರುತ್ತದೆ. ಲಾಜಿಸ್ಟಿಕ್ಸ್, ಫೈಲ್, ಹ್ಯಾಂಡ್ಲಿಂಗ್ ಇವೆಲ್ಲ ಅವರೇ ಇಟ್ಟ ಹೆಸರು. "ಇದರ ಸರ್ಕಾರಿ ರಸೀತಿ ಕೊಡ್ತೀರಾ?" ಅಂತ ಒಂದು ಮಾತು ಕೇಳಿ, ಸಾಕು. ಜಗಳ ಬೇಡ. ಆ ಸಾಲುಗಳನ್ನು ಅವರೇ ಹೊಡೆದುಹಾಕುತ್ತಾರೆ, ಇಲ್ಲವೇ ಅಷ್ಟು ದುಡ್ಡನ್ನು ಬೇರೆ ಕಡೆ ಇಳಿಸುತ್ತಾರೆ.

ಇನ್ನೆರಡು ಸಾಲು ಬಂದರೆ ಅವು ನ್ಯಾಯದ್ದೇ, ಅದಕ್ಕೆ ಜಗಳ ತೆಗೆಯಬೇಡಿ. ಒಂದು ಪರ್ಮಿಟ್. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡು ಸೇರಿ 3,000 ಕೆಜಿ ಒಳಗಿದ್ದರೆ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. 1.7 ಟನ್ ಹೊರುವ ಗಾಡಿಗಳು ಸಾಮಾನ್ಯವಾಗಿ ಅದನ್ನು ದಾಟುತ್ತವೆ. ಬಿಲ್ಲು 10 ಲಕ್ಷ ದಾಟಿದರೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಅಂತ 1% ಸೇರಿಸುತ್ತಾರೆ, ಅದೂ ಕಾನೂನೇ. ಆದರೆ ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮಾ ಆಗುತ್ತದೆ. ಐಟಿ ರಿಟರ್ನ್ಸ್ ಹಾಕಿದರೆ ತೆರಿಗೆಯಲ್ಲಿ ಕಳೆಯುತ್ತಾರೆ, ಜಾಸ್ತಿಯಾಗಿದ್ದರೆ ವಾಪಸ್ ಬರುತ್ತದೆ. ಪ್ಯಾನ್ ಸರಿಯಾಗಿ ಬರೆಸಿ.

ಇನ್ಶೂರೆನ್ಸ್. ಇದರಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡುವುದು, 7,500 ಕೆಜಿ ಒಳಗಿನ ಸರಕು ವಾಹನಕ್ಕೆ 2022ರ ಜೂನ್‌ನಲ್ಲಿ ಗೊತ್ತು ಮಾಡಿದ್ದು 16,049 ರೂಪಾಯಿ. ಇದು ಎಲ್ಲ ಕಂಪನಿಯಲ್ಲೂ ಒಂದೇ, ಇಲ್ಲಿ ಚೌಕಾಸಿ ನಡೆಯಲ್ಲ. ಉಳಿದದ್ದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೇ ಆಗುವ ಹಾನಿಗೆ. ಅಲ್ಲಿ ಒಬ್ಬೊಬ್ಬರದು ಒಂದೊಂದು ರೇಟು. ಹೊರಗೆ ಒಬ್ಬ ಏಜೆಂಟ್ ಹತ್ತಿರ ಇದೇ ಗಾಡಿಗೆ, ಇದೇ ಐಡಿವಿಗೆ (ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ), ಇದೇ ಕವರ್‌ಗೆ ಕೊಟೇಶನ್ ತೆಗೆಸಿಕೊಂಡು ಹೋಗಿ. ಶೋರೂಮ್‌ನಲ್ಲೇ ಇನ್ಶೂರೆನ್ಸ್ ಮಾಡಿಸಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಹೊರಗಿನ ಹಾಳೆ ಮೇಜಿನ ಮೇಲಿಟ್ಟರೆ ಬಹಳ ಸಲ ಅವರೇ ಆ ರೇಟಿಗೆ ಇಳಿಯುತ್ತಾರೆ.

ಆದರೆ ಬರೀ ಕಡಿಮೆ ಅಂಕಿ ನೋಡಿ ಖುಷಿಪಡಬೇಡಿ. ಹೊಸ ಗಾಡಿಯ ಐಡಿವಿ ಎಕ್ಸ್ ಶೋರೂಮ್‌ನ 95% ಇರಬೇಕು, ಅದನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುತ್ತಾರೆ. ಇನ್ನೊಂದು, ಐಎಂಟಿ 23 ಎಂಬ ಹೆಚ್ಚುವರಿ ಕವರ್ ಇದೆಯಾ ಅಂತ ಕೇಳಿ. ಕಮರ್ಷಿಯಲ್ ಪಾಲಿಸಿಯಲ್ಲಿ ಅದು ಇಲ್ಲದಿದ್ದರೆ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್, ಬಾನೆಟ್ ಪಕ್ಕದ ಭಾಗ, ಟೈರ್, ಬಣ್ಣ ಇವಕ್ಕೆ ಕ್ಲೇಮ್ ಸಿಗುವುದು ಕಷ್ಟ. ಮಾರ್ಕೆಟ್ ಗೇಟಿನಲ್ಲಿ ಸಾಲಾಗಿ ನಿಂತು ಹಿಂದೆ ಮುಂದೆ ತೆಗೆಯುವಾಗ ಒಡೆಯುವುದು ಬೇರೆ ಏನು? ಅದೇ ಬಂಪರ್, ಅದೇ ಲೈಟು.

ಈಗ ಲೋನು. ನನ್ನ ಪ್ರಕಾರ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಅದೂ ನಗುತ್ತಾ ಸಹಿ ಹಾಕಿ. ಫೈನಾನ್ಸ್‌ನವರು "ಬರೀ 7%" ಎನ್ನುತ್ತಾರೆ. ಅದು ಫ್ಲಾಟ್. ಲೆಕ್ಕ ಹಾಕಿ: 8 ಲಕ್ಷ ಸಾಲ, 4 ವರ್ಷ, 7% ಫ್ಲಾಟ್. ಬಡ್ಡಿ 2,24,000. ಕಂತು ತಿಂಗಳಿಗೆ ಸುಮಾರು 21,333. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 8 ಲಕ್ಷದ ಮೇಲೇ. ಬ್ಯಾಂಕ್ ಹೇಳುವ ರೆಡ್ಯೂಸಿಂಗ್ ಲೆಕ್ಕಕ್ಕೆ, ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ, ತಂದರೆ ಇದು 12.7% ಹತ್ತಿರ. ಅಂದರೆ "11% ರೆಡ್ಯೂಸಿಂಗ್" ಎನ್ನುವ ಬ್ಯಾಂಕು ಕೇಳಲು ದುಬಾರಿ, ಕಟ್ಟಲು ಅಗ್ಗ.

ಈ ಲೆಕ್ಕ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಒಂದು ಒಳ್ಳೆ ಕೆಲಸ ಮಾಡಿದೆ. ಇಂಥ ಸಾಲಗಳಿಗೆ ಸಹಿಗೆ ಮೊದಲೇ ಕೆಎಫ್‌ಎಸ್ ಎಂಬ, ಸಾಲದ ಮುಖ್ಯ ವಿವರಗಳ ಹಾಳೆ ಕೊಡಬೇಕು, ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರಬೇಕು. ಬಡ್ಡಿ, ಪ್ರೊಸೆಸಿಂಗ್ ಫೀಸು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಇಬ್ಬರ ಎಪಿಆರ್ ಪಕ್ಕಪಕ್ಕ ಇಟ್ಟು ನೋಡಿ, ಬೇರೆ ಮಾತೇ ಬೇಡ. ಶೋರೂಮ್‌ಗೆ ಹೋಗುವ ಮೊದಲೇ ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲಿ ವಿಚಾರಿಸಿ. ಒಂದು ಗುಟ್ಟೂ ಹೇಳುತ್ತೇನೆ. ಶೋರೂಮ್ ಮೂಲಕ ಲೋನ್ ಮಾಡಿಸಿದರೆ ಅವರಿಗೆ ಫೈನಾನ್ಸ್ ಕಡೆಯಿಂದ ಕಮಿಷನ್ ಬರುತ್ತದೆ. ಆದ್ದರಿಂದ ಗಾಡಿ ರೇಟು ಬರಹದಲ್ಲಿ ಖಾಯಂ ಆದ ಮೇಲೆ "ನಿಮ್ಮ ಫೈನಾನ್ಸ್ ನನ್ನ ಬ್ಯಾಂಕಿನ ಎಪಿಆರ್‌ಗೆ ಬಂದರೆ ನಿಮ್ಮಲ್ಲೇ ಮಾಡ್ತೀನಿ" ಎನ್ನಿ. ಆಗ ಇಳಿಸಲು ಅವರಿಗೂ ಒಂದು ಕಾರಣ ಸಿಗುತ್ತದೆ.

ಜಿಎಸ್‌ಟಿ ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಿಸುವ ಗಾಡಿಗಳಿಗೆ ಜಿಎಸ್‌ಟಿ 28ರಿಂದ 18%ಗೆ ಇಳಿಯಿತು. ಮೊದಲು 10 ಲಕ್ಷ ಇದ್ದ ಗಾಡಿ ಬರೀ ಆ ಲೆಕ್ಕದಲ್ಲೇ 9.22 ಲಕ್ಷ ಆಗಬೇಕು. ಹಳೇ ಬೆಲೆ ಪಕ್ಕದಲ್ಲಿ ಬರೆದು "ನೋಡಿ ಎಷ್ಟು ಬಿಟ್ಟಿದ್ದೀವಿ" ಎಂದರೆ ನಂಬಬೇಡಿ, ಅದು ಶೋರೂಮ್ ಬಿಟ್ಟಿದ್ದಲ್ಲ.

ಅದಕ್ಕಿಂತ ದೊಡ್ಡದು ಅಣ್ಣನ ಅಂಗಡಿ. ಅಂಗಡಿಗೆ ಜಿಎಸ್‌ಟಿ ನಂಬರ್ ಇದ್ದು, ಗಾಡಿಯನ್ನು ಅಂಗಡಿ ಹೆಸರಿನಲ್ಲಿ ಬಿಲ್ ಮಾಡಿಸಿದರೆ ಆ 18% ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ, ಅಂದರೆ ಅಂಗಡಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಳೆಯುತ್ತದೆ. ಕಾರಿಗೆ ಈ ಸೌಲಭ್ಯ ಇಲ್ಲ, ಸರಕು ಗಾಡಿಗೆ ಇದೆ. 9.5 ಲಕ್ಷದ ಗಾಡಿಯಲ್ಲಿ ಜಿಎಸ್‌ಟಿಯೇ ಸುಮಾರು 1.45 ಲಕ್ಷ. ಇಷ್ಟನ್ನು ಯಾವ ಮ್ಯಾನೇಜರ್ ಜೊತೆ ಜಗ್ಗಾಡಿದರೂ ಇಳಿಸಲಾರಿರಿ. ಆದರೆ ಅದೇ ಗಾಡಿ ಟೊಮೆಟೊ ಬಾಡಿಗೆಗೂ ಓಡುತ್ತದೆ ಅಲ್ವಾ, ಆ ಪಾಲಿಗೆ ಪೂರ್ತಿ ಕ್ರೆಡಿಟ್ ಸಿಗದೇ ಇರಬಹುದು. ಅಂಗಡಿಯ ಲೆಕ್ಕ ನೋಡುವವರನ್ನು ಬುಕಿಂಗ್‌ಗೆ ಮೊದಲೇ ಕೇಳಿ. ಬಿಲ್ ನಿಮ್ಮ ಹೆಸರಿಗೆ ಆದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಇನ್ನು ಯಾವಾಗ ಹೋಗಬೇಕು. ಆಯುಧಪೂಜೆ ಹತ್ತಿರ ಮಾತ್ರ ಹೋಗಬೇಡಿ. ಆಗ ಗಾಡಿ ಸಿಕ್ಕರೆ ಸಾಕು ಅಂತ ಜನ ಮುಗಿಬೀಳುತ್ತಾರೆ, ನಿಮ್ಮ ಮಾತು ಕೇಳುವವರು ಯಾರು? ಆಷಾಢದಲ್ಲಿ ಹೋಗಿ. ನಮ್ಮ ಜನ ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರಲ್ಲ, ಶೋರೂಮ್ ಖಾಲಿ ಹೊಡೆಯುತ್ತಿರುತ್ತದೆ. ಆದರೆ ಅವರ ತಿಂಗಳ ಟಾರ್ಗೆಟ್‌ಗೆ ಆಷಾಢ ಗೀಷಾಢ ಗೊತ್ತಿಲ್ಲ. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಅದಕ್ಕೂ ದಾರಿ ಇದೆ: ಬಿಲ್ಲಿಂಗ್ ಆಷಾಢದ ಕೊನೆಯಲ್ಲಿ, ಡೆಲಿವರಿ ಶ್ರಾವಣದಲ್ಲಿ. ಕಂತು ಯಾವ ತಾರೀಖಿನಿಂದ ಶುರು ಅಂತ ಮಾತ್ರ ಕೇಳಿಕೊಳ್ಳಿ. ನಿಮ್ಮ ಕಡೆ ಟೊಮೆಟೊ ಜೋರಾಗಿರುವುದೂ ಆಗಲೇ, ಬಾಡಿಗೆ ಬಿಟ್ಟು ಶೋರೂಮ್ ಸುತ್ತುವುದು ಕಷ್ಟ. ಹಾಗಿದ್ದರೆ ಮಾರ್ಚ್ ಕೊನೆ ವಾರವೂ ಒಳ್ಳೆಯದೇ.

ಡಿಸೆಂಬರ್, ಜನವರಿಯಲ್ಲೂ ಆಫರ್ ಇರುತ್ತದೆ, ಆದರೆ ಅದು ಹೋದ ವರ್ಷದ ಸ್ಟಾಕ್. ಚಾಸಿಸ್ ನಂಬರಿನ ಹತ್ತನೇ ಅಕ್ಷರ ಮಾಡೆಲ್ ವರ್ಷದ್ದು, ಎಸ್ ಇದ್ದರೆ 2025, ಟಿ ಇದ್ದರೆ 2026. ಸೇಲ್ ಸರ್ಟಿಫಿಕೇಟ್ ಆದ ಫಾರ್ಮ್ 21ರಲ್ಲೂ ತಯಾರಾದ ತಿಂಗಳು, ವರ್ಷ ಬರೆದಿರುತ್ತದೆ. ನಾಳೆ ಮಾರುವಾಗ ಕೊಳ್ಳುವವನು ನೋಡುವುದು ಆ ವರ್ಷವನ್ನೇ. ಹಾಗಾಗಿ ಹಳೇ ವರ್ಷದ ಗಾಡಿಗೆ ಇವತ್ತೇ ಚೆನ್ನಾಗಿ ಇಳಿಸಬೇಕು. ಹತ್ತು ವರ್ಷ ನೀವೇ ಓಡಿಸುವುದಾದರೆ ತಗೊಳ್ಳಿ, ತಪ್ಪೇನಿಲ್ಲ.

ಎದುರಾಳಿ ಕೊಟೇಶನ್ ಇಲ್ಲದೆ ಹೋಗಬೇಡಿ. ನಿಮಗೆ ಮಹೀಂದ್ರ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಎಚ್‌ಡಿ ಮಾಡೆಲ್ಲೇ ಬೇಕು ಅಂತಿದ್ದರೂ ಟಾಟಾ ಯೋಧಾ, ಇಂಟ್ರಾ ವಿ50, ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್ ಕಡೆ ಒಂದೊಂದು ಹಾಳೆ ತನ್ನಿ. ಅದಕ್ಕಿಂತ ಕೆಲಸಕ್ಕೆ ಬರುವುದು ಅದೇ ಕಂಪನಿಯ ಇನ್ನೊಂದು ಡೀಲರ್ ಕೊಟೇಶನ್. ಕೋಲಾರ, ಹೊಸಕೋಟೆ, ಬೆಂಗಳೂರು ಎಲ್ಲಾದರೂ ಸರಿ. ಒಂದೇ ಮಾಡೆಲ್, ಒಂದೇ ವೇರಿಯಂಟ್ ಆದ್ದರಿಂದ ತಪ್ಪಿಸಿಕೊಳ್ಳಲು ಅವರಿಗೆ ದಾರಿ ಇಲ್ಲ. "ಅಲ್ಲಿ ಇಷ್ಟು ಹೇಳಿದ್ದಾರೆ, ನೀವು ಹತ್ತಿರದವರು, ಸರ್ವಿಸ್‌ಗೂ ನಿಮ್ಮಲ್ಲಿಗೇ ಬರೋದು. ಅದೇ ರೇಟು ಮಾಡಿ, ಈಗಲೇ ಅಡ್ವಾನ್ಸ್ ಹಾಕ್ತೀನಿ." ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂರಿ. ಕಾಫಿ ಬರುತ್ತದೆ, ಕುಡಿಯಿರಿ. ಸೇಲ್ಸ್ ಹುಡುಗ ಒಳಗೆ ಹೋಗಿ ಬರುತ್ತಾನೆ. ಅವನ ಮೇಲೆ ಕೂಗಾಡಬೇಡಿ ಪಾಪ, ಇಳಿಸುವ ಅಧಿಕಾರ ಇರುವುದು ಮ್ಯಾನೇಜರ್‌ಗೆ. "ಈ ತಿಂಗಳು ಕಂಪನಿ ಸ್ಕೀಮ್ ಏನಿದೆ, ಎಕ್ಸ್‌ಚೇಂಜ್ ಬೋನಸ್ ಇದೆಯಾ" ಅಂತ ಮ್ಯಾನೇಜರನ್ನೇ ನೇರವಾಗಿ ಕೇಳಿ.

ಫ್ರೀ ಫಿಟಿಂಗ್ಸ್ ಬಗ್ಗೆ ಕೇಳಿದ್ದಿರಿ. ಸೀಟ್ ಕವರ್, ಮ್ಯಾಟು, ಸ್ಟಿಕ್ಕರು ಇವಕ್ಕೆ ಅವರು ಹಾಕುವ ಬೆಲೆ ಒಂದು, ಹೊರಗಿನ ಅಂಗಡಿಯ ಬೆಲೆ ಇನ್ನೊಂದು. "ಫಿಟಿಂಗ್ಸ್ ಬೇಡ, ಆ ದುಡ್ಡು ಬಿಲ್ಲಿನಲ್ಲಿ ಇಳಿಸಿ" ಎನ್ನಿ. ಒಪ್ಪದಿದ್ದರೆ ಉಪಯೋಗಕ್ಕೆ ಬರುವುದನ್ನು ಕೇಳಿ: ಒಳ್ಳೆ ತಾಡಪಾಲು, ಹಗ್ಗ, ಡೆಕ್ಕಿಗೆ ಶೀಟು. ಲೀಫ್ ಸ್ಪ್ರಿಂಗ್‌ಗೆ ಎಕ್ಸ್‌ಟ್ರಾ ಪಟ್ಟಿ ಹಾಕಿಸಿಕೊಡುತ್ತೇವೆ ಎಂದರೆ ಬೇಡ ಎನ್ನಿ. ವಾರಂಟಿಗೆ ತಕರಾರು ಬರುತ್ತದೆ. ಮೇಲಾಗಿ ಪಟ್ಟಿ ಹಾಕಿದರೆ ಆರ್‌ಸಿಯಲ್ಲಿರುವ ತೂಕ ಏನೂ ಜಾಸ್ತಿಯಾಗಲ್ಲ. ಓವರ್‌ಲೋಡ್‌ಗೆ ಸಿಕ್ಕಿಬಿದ್ದರೆ ದಂಡ 20,000, ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000. 15 ಕೆಜಿ ಬಾಕ್ಸ್ ಲೆಕ್ಕದಲ್ಲಿ, ಕ್ರೇಟ್ ತೂಕ ಸೇರಿಸಿದರೆ 1.7 ಟನ್‌ಗೆ ನೂರು ಬಾಕ್ಸ್ ಆಸುಪಾಸು. ಅಷ್ಟು ಸಾಲದು ಅನ್ನಿಸಿದರೆ ಈಗಲೇ 2 ಟನ್ ಗಾಡಿಯ ಕೊಟೇಶನ್ ಕೇಳಿ.

ಅಡ್ವಾನ್ಸನ್ನು ಕಂಪನಿ ಖಾತೆಗೇ ಹಾಕಿ, ಯಾರ ಫೋನ್ ಪೇ ನಂಬರಿಗೂ ಬೇಡ. ಮಾತಾಡಿದ್ದೆಲ್ಲ ಬುಕಿಂಗ್ ಫಾರ್ಮ್‌ನಲ್ಲಿ ಬರೆಸಿ ಸೀಲ್ ಹಾಕಿಸಿಕೊಳ್ಳಿ. "ಡೆಲಿವರಿ ದಿನದ ಬೆಲೆ ಅನ್ವಯ" ಎಂದು ಅಚ್ಚಾಗಿರುತ್ತದೆ, ಅದರ ಪಕ್ಕದಲ್ಲೇ ನಿಮ್ಮ ರೇಟು ಮತ್ತು ತಾರೀಖು ಬರಲಿ. ಬಾಕಿ ದುಡ್ಡು ಕಟ್ಟುವ ಮೊದಲು ಯಾರ್ಡ್‌ಗೆ ಹೋಗಿ ಚಾಸಿಸ್ ನಂಬರ್, ಟೈರ್, ಸ್ಟೆಪ್ನಿ, ಜಾಕ್ ನೋಡಿಬನ್ನಿ.

ಎಷ್ಟು ಇಳಿಯುತ್ತದೆ ಎಂಬುದು ನಿಮ್ಮ ಹಾಳೆ ನೋಡದೆ ಹೇಳುವ ಮಾತಲ್ಲ. ಕೊಟೇಶನ್ ಬಂದ ಮೇಲೆ ಹೆಸರು, ಫೋನ್ ನಂಬರ್ ಮುಚ್ಚಿ ಫೋಟೊ ಹಾಕಿ. ಯಾವ ಸಾಲು ಹೊಡೆಸಬಹುದು ಅಂತ ನೋಡಿ ಹೇಳುತ್ತೇನೆ.