ಕೊಯಿಂಬ್ರಕ್ಕೆ ಹೊರಟ ಶಿರಸಿಯವರಿಗೆ, ಕಾರವಾರದಿಂದ

ನಿಮ್ಮ ಪ್ರಶ್ನೆ ಇದು: "ನಾನು ಶಿರಸಿಯವನು. ಪೋರ್ಚುಗಲ್‌ನ ಕೊಯಿಂಬ್ರದಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ. ಅಷ್ಟು ಹಳೇ ಊರಲ್ಲಿ ಓದುವುದು ನಿಜಕ್ಕೂ ಚೆಂದವಾ, ಇಲ್ಲಾ ಫೋಟೋದಲ್ಲಿ ಮಾತ್ರವಾ?"

ನಾನು ಕಾರವಾರದವನು. ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಮುಗಿಸಿ, ಆಮೇಲೆ ಎರಡು ವರ್ಷ ಕೊಯಿಂಬ್ರದಲ್ಲಿ ಇಕಾಲಜಿ ಓದಿದೆ. ಚೆಂದವೇ, ಅದರಲ್ಲಿ ಅನುಮಾನ ಬೇಡ. ಆದರೆ ಹಳೇ ಊರಿಗೆ ಹೋಗುವುದು ಅಂದರೆ ಹಳೇ ಮನೆಯಲ್ಲಿ ಇರುವುದು. ಇದನ್ನು ಯಾವ ಬ್ರೋಷರ್‌ನಲ್ಲೂ ಹಾಕುವುದಿಲ್ಲ. ಹಾಗಾಗಿ ಲೈಬ್ರರಿ, ಗೋಪುರ ಎಲ್ಲಾ ಆಮೇಲೆ. ಮೊದಲು ಮನೆ.

ವಿಶ್ವವಿದ್ಯಾಲಯ ಇರುವುದು ಗುಡ್ಡದ ನೆತ್ತಿಯಲ್ಲಿ. ಕೆಳಗೆ ಮೊಂಡೆಗೊ ನದಿ. ಪೇಟೆಯಿಂದ ಮೇಲೆ ಹತ್ತುವ ಓಣಿಯ ಹೆಸರು ಕೆಬ್ರಾ ಕೋಸ್ತಾಸ್. 'ಬೆನ್ನು ಮುರಿಯುವುದು' ಅಂತ ಅರ್ಥ. ಸುಮ್ನೆ ಇಟ್ಟ ಹೆಸರಲ್ಲ. ನೆಲಕ್ಕೆ ಸಣ್ಣ ಸಣ್ಣ ಕಲ್ಲು ಹಾಸಿರುತ್ತಾರೆ, ಮಳೆ ಬಿದ್ದರೆ ಪಾಚಿ ಕಟ್ಟಿದ ಅಂಗಳದ ಹಾಗೆ ಜಾರುತ್ತದೆ. ನನ್ನ ಸೂಟ್‌ಕೇಸಿನ ಒಂದು ಚಕ್ರ ಮೊದಲ ದಿನವೇ ಅಲ್ಲಿ ಕಳಚಿ, ನನಗಿಂತ ಮೊದಲು ಕೆಳಗೆ ಇಳಿಯಿತು. ದೇವಿಮನೆ ಘಾಟಿ ಹತ್ತಿ ಇಳಿದ ನಿಮಗೆ ಏರು ಹೊಸದಲ್ಲ ಬಿಡಿ. ಆದರೆ ಘಾಟಿಯಲ್ಲಿ ಬಸ್ಸು ಇರುತ್ತದೆ.

ರೂಮನ್ನು ಫೋಟೋ ನೋಡಿಯೇ ಹಿಡಿದಿದ್ದೆ. ಕಿಟಕಿಯಲ್ಲಿ ನದಿ ಕಾಣುತ್ತಿತ್ತು. ಅಕ್ಟೋಬರಿನಲ್ಲಿ ಎಲ್ಲಾ ಸರಿಯಿತ್ತು. ನವೆಂಬರಿನಲ್ಲಿ ಮಳೆ ಹಿಡಿಯಿತು. ಡಿಸೆಂಬರಿನಲ್ಲಿ ಮಂಚದ ಹಿಂದಿನ ಗೋಡೆಯ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ವಾರ ಕಳೆಯುವುದರೊಳಗೆ ಅದು ಊಟದ ತಟ್ಟೆಯಷ್ಟು ಅಗಲ ಆಯಿತು. ಬೆಲ್ಟಿನ ಮೇಲೆ ಹಸಿರು ಬೂಷ್ಟು. ಬೂಷ್ಟು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ, ಅಲ್ವಾ? ಆದರೆ ನಮ್ಮಲ್ಲಿ ಬಚ್ಚಲ ಒಲೆ ಇರುತ್ತದೆ, ಅದರ ಮೇಲೆ ಬಟ್ಟೆ ಹರವುತ್ತೇವೆ. ಅಲ್ಲಿನ ಹಳೇ ಮನೆಯಲ್ಲಿ ಒಲೆಯೂ ಇಲ್ಲ, ಮನೆ ಬಿಸಿ ಮಾಡುವ ವ್ಯವಸ್ಥೆಯೂ ಇಲ್ಲ. ಯುರೋಪ್ ಅಂದರೆ ಒಳಗೆ ಬೆಚ್ಚಗಿರುತ್ತದೆ ಅಂದುಕೊಂಡು ಹೋಗಬೇಡಿ. ನಾನು ಎರಡು ಸ್ವೆಟರ್ ಹಾಕಿ, ಟೋಪಿ ಇಟ್ಟುಕೊಂಡು ಮಲಗುತ್ತಿದ್ದೆ.

ಕೊನೆಗೆ ಮನೆ ಮಾಲಕಿ, ಎಪ್ಪತ್ತು ದಾಟಿದ ಅಜ್ಜಿ, ಬಂದು ನೋಡಿದರು. ಕೈಯಲ್ಲಿ ಬಕೆಟ್ಟು, ಚಿಂದಿ ಬಟ್ಟೆ. ಇಂಗ್ಲಿಷಿನ ಒಂದು ಅಕ್ಷರ ಬರುವುದಿಲ್ಲ. ಗೋಡೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿಗೆ ಬೆರಳು ತೋರಿಸಿ "ಜನೆಲಾ! ಜನೆಲಾ!" ಅಂತ ಶುರು ಮಾಡಿದರು. ನಮ್ಮ ಮನೆ ಮಾತು ಕೊಂಕಣಿ. ಕಿಟಕಿಗೆ ನಾವು ಅನ್ನುವುದು ಜನೇಲ್. ಒಂದು ಕ್ಷಣ ಆಯಿಯೇ ಬಂದು ಬೈದ ಹಾಗಾಯಿತು. ಚಳಿ ಅಂತ ನಾನು ಎರಡು ತಿಂಗಳಿಂದ ಕಿಟಕಿ ತೆರೆದೇ ಇರಲಿಲ್ಲ. ಅಡುಗೆಯ ಹಬೆ, ಒದ್ದೆ ಬಟ್ಟೆ, ನನ್ನ ಉಸಿರು, ಎಲ್ಲಾ ಆ ಗೋಡೆ ಕುಡಿಯುತ್ತಿತ್ತು. ದಿನಾ ಬೆಳಿಗ್ಗೆ ಹತ್ತು ನಿಮಿಷ ತೆರೆ ಅಂತ ಗಡಿಯಾರ ತೋರಿಸಿ ಹೇಳಿಕೊಟ್ಟರು. ಬಕೆಟ್ಟಿಗೆ ಅವರು ಅಂದದ್ದು ಬಾಲ್ದೆ. ನಮ್ಮ ಬಾಲ್ದಿ.

ಅವತ್ತಿನಿಂದ ನನಗೆ ಭಾಷೆಯ ಭಯ ಹೋಯಿತು. ಕೀಲಿಗೆ ಶಾವೆ, ಅಂದರೆ ಚಾವಿ. ಆಲೂಗಡ್ಡೆಗೆ ಬತಾತಾ. ಬ್ರೆಡ್ಡಿಗೆ ಹೆಚ್ಚುಕಡಿಮೆ ಪಾವ್, ಕೊನೆಗೆ ಸ್ವಲ್ಪ ಮೂಗಿನಲ್ಲಿ ಎಳೆಯಬೇಕು. ಅನಾನಸ್ ಅನಾನಸ್ಸೇ. ಈ ಮಾತುಗಳೆಲ್ಲಾ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲೇ. ಘಟ್ಟ ಹತ್ತಿ ಶಿರಸಿಗೂ ಒಂದೆರಡು ಬಂದಿವೆ, ಹುಡುಕಿ ನೋಡಿ. ನಿಮ್ಮ ಕ್ಲಾಸು ಇಂಗ್ಲಿಷಿನಲ್ಲಿ ಇದ್ದರೂ ಅಂಗಡಿ, ಆಸ್ಪತ್ರೆ, ಕಚೇರಿ ಎಲ್ಲಾ ಪೋರ್ಚುಗೀಸಿನಲ್ಲಿ. ಹೊರಡುವ ಮೊದಲು ಮೂರು ತಿಂಗಳು ಕಲಿಯಿರಿ.

ಇನ್ನು ನೀವು ಕೇಳಿದ ಹಳೇತನ. ಈ ವಿಶ್ವವಿದ್ಯಾಲಯ 1290ರಲ್ಲಿ ಲಿಸ್ಬನ್‌ನಲ್ಲಿ ಶುರುವಾಗಿ, ಹಿಂದೆ ಮುಂದೆ ಓಡಾಡಿ, 1537ರಲ್ಲಿ ಕೊಯಿಂಬ್ರದಲ್ಲಿ ನೆಲೆ ನಿಂತಿತು. 2013ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ನೀವು ಫೋಟೋದಲ್ಲಿ ನೋಡಿರುವ ಬಂಗಾರದ ಬಣ್ಣದ ಲೈಬ್ರರಿ ಜೊವಾನಿನಾ. ಅಲ್ಲಿ ಬಾವಲಿಗಳಿವೆ, ಕಥೆಯಲ್ಲ. ರಾತ್ರಿ ಹೊರಬಂದು ಪುಸ್ತಕ ತಿನ್ನುವ ಹುಳು ಹಿಡಿಯುತ್ತವೆ. ಅವುಗಳ ಹಿಕ್ಕೆ ಬೀಳದಿರಲಿ ಅಂತ ಸಂಜೆ ಮೇಜುಗಳಿಗೆ ಚರ್ಮ ಹೊದಿಸುತ್ತಾರೆ, ಬೆಳಿಗ್ಗೆ ತೆಗೆದು ಒರೆಸುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದಾಗ ಆಯಿ, "ನಮ್ಮ ಅಟ್ಟದಲ್ಲಿದ್ದರೆ ಓಡಿಸು ಅಂತೀಯಲ್ಲ" ಅಂದಳು. ನಿರಾಸೆಯ ಮಾತೂ ಹೇಳಿಬಿಡುತ್ತೇನೆ: ಅಲ್ಲಿ ಕೂತು ಯಾರೂ ಪರೀಕ್ಷೆಗೆ ಓದುವುದಿಲ್ಲ. ಟಿಕೆಟ್ ತೆಗೆದ ಪ್ರವಾಸಿಗರನ್ನು ಗುಂಪು ಗುಂಪಾಗಿ ಬಿಡುತ್ತಾರೆ. ನಾವು ಓದುತ್ತಿದ್ದದ್ದು ಬೇರೆ ಸಾದಾ ಲೈಬ್ರರಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ.

ಮೇ ತಿಂಗಳ ಕೇಮಾ ದಾಸ್ ಫೀತಾಸ್ ಅನ್ನುವ ವಿದ್ಯಾರ್ಥಿಗಳ ಹಬ್ಬವನ್ನು ಮಾತ್ರ ತಪ್ಪಿಸಬೇಡಿ. ಹನ್ನೆರಡನೇ ಶತಮಾನದ ಹಳೇ ಚರ್ಚಿನ ಮೆಟ್ಟಿಲ ಮೇಲೆ, ನಡುರಾತ್ರಿ, ಕಪ್ಪು ನಿಲುವಂಗಿ ಹೊದ್ದ ಹುಡುಗರು ಫಾದೋ ಅನ್ನುವ ಅಲ್ಲಿನ ವಿರಹದ ಹಾಡು ಹಾಡುತ್ತಾರೆ. ಚಪ್ಪಾಳೆ ಇಲ್ಲ. ಇಡೀ ಓಣಿ ತುಂಬಿ ಜನ, ಒಬ್ಬರೂ ಉಸಿರೆತ್ತುವುದಿಲ್ಲ. ಯಕ್ಷಗಾನದಲ್ಲಿ ಕಡಲೆ ಜಗಿಯುತ್ತಾ ಬೆಳೆದ ನನಗೆ ಆ ಮೌನ ಮೊದಲು ಮುಜುಗರ ತಂದಿತು.

ಪೋರ್ಚುಗೀಸರು ತಮ್ಮ ಹಳೇ ಕಡಲ ಯಾನಗಳಿಗೆ ಇವತ್ತಿಗೂ 'ಶೋಧನೆಗಳು' ಅನ್ನುತ್ತಾರೆ. ಊರು ಯಾವುದು ಅಂತ ಕೇಳಿದಾಗಲೆಲ್ಲಾ ನಾನು ಅಂಜದೀವ್ ಹೇಳುತ್ತಿದ್ದೆ. ನಮ್ಮ ಕಡಲ ದಡದ ಎದುರಿನ ದ್ವೀಪ. ವಾಸ್ಕೋ ಡ ಗಾಮ 1498ರಲ್ಲಿ ತಂಗಿದ್ದು, 1505ರಲ್ಲಿ ಅವರು ಕೋಟೆ ಕಟ್ಟಿದ್ದು ಅಲ್ಲೇ. "ನೀವು ಶೋಧಿಸುವಾಗ ನಾವು ಅಲ್ಲೇ ಇದ್ದೆವು" ಅಂದರೆ ಗೆಳೆಯರು ನಗುತ್ತಿದ್ದರು. ಒಬ್ಬಿಬ್ಬರು ನಗಲಿಲ್ಲ.

ನನಗೆ ಆ ಊರು ಹತ್ತಿರವಾದದ್ದು ಮಾತ್ರ ಗುಡ್ಡದ ಮೇಲಲ್ಲ, ನದಿ ಕಡಲು ಸೇರುವ ಫಿಗೇರಾ ದ ಫೋಜ್‌ನ ಅಳಿವೆಯಲ್ಲಿ. ಫೀಲ್ಡ್ ವರ್ಕಿಗೆ ಹೋದಾಗ ಮೊಣಕಾಲವರೆಗೆ ಕೆಸರು, ಕೈಯಲ್ಲಿ ಬಳಚಿನಂಥ ಚಿಪ್ಪು, ಆಚೆ ಉಪ್ಪಿನ ಗದ್ದೆ. ಸಾಣಿಕಟ್ಟೆಯಲ್ಲಿ ನಿಂತ ಹಾಗೇ ಇತ್ತು.

ಮಿಕ್ಕ ವಿಷಯ ಬೇಗ ಹೇಳುತ್ತೇನೆ. ಮಾರ್ಕ್ಸ್ 20ಕ್ಕೆ, 10 ಬಂದರೆ ಪಾಸು. 18 ಸಿಗುವುದು ಅಪರೂಪ. 15 ಬಂದಾಗ ಮನೆಯಲ್ಲಿ ಎಪ್ಪತ್ತೈದು ಪರ್ಸೆಂಟಾ ಅಂತ ಮುಖ ಸಣ್ಣ ಮಾಡಿಕೊಂಡರೆ ವಿವರಿಸಬೇಕಾಗುತ್ತದೆ. ವಿದ್ಯಾರ್ಥಿ ಕ್ಯಾಂಟೀನಿನಲ್ಲಿ ನಾನಿದ್ದಾಗ ಮೂರು ಯೂರೋ ಒಳಗೆ ಸೂಪು, ಅನ್ನ, ಹಣ್ಣು ಸಿಗುತ್ತಿತ್ತು. ನೀವು ಸಸ್ಯಾಹಾರಿಯಾದರೂ ಹೆದರಬೇಡಿ. ಸರ್ಕಾರಿ ಕ್ಯಾಂಟೀನುಗಳಲ್ಲಿ ಸಸ್ಯಾಹಾರದ ಊಟ ಇರಲೇಬೇಕು ಅಂತ 2017ರಲ್ಲಿ ಕಾನೂನೇ ಆಗಿದೆ. ಕಾಲ್ದು ವೇರ್ದೆ ಅನ್ನುವ ಹಸಿರು ಸೂಪಿನಲ್ಲಿ ಮಾತ್ರ ಮಾಂಸದ ಬಿಲ್ಲೆ ತೇಲುತ್ತಿರುತ್ತದೆ, ಕೇಳಿ ಕುಡಿಯಿರಿ. ನಮಗಂತೂ ಜೂನ್ ತಿಂಗಳ ಸುಟ್ಟ ತಾರ್ಲೆ ಮೀನು ಸಾಕಿತ್ತು. ರೂಮು ಹುಡುಕುವಾಗ ನದಿ ಕಾಣುತ್ತಾ ಅಂತ ಕೇಳಬೇಡಿ, ಕಿಟಕಿ ದಕ್ಷಿಣಕ್ಕಿದೆಯಾ ಅಂತ ಕೇಳಿ. ಚಳಿಗಾಲದ ಬಿಸಿಲು ಬರುವುದು ಆ ಕಡೆಯಿಂದ.

ಕೊನೆಯದು ಉಪ್ಪಿನಕಾಯಿ. ಶಿರಸಿಯ ಅಪ್ಪೆಮಿಡಿ ಒಯ್ಯದೆ ಇರುವುದಿಲ್ಲ ನೀವು. ಮೂರು ಪ್ಲಾಸ್ಟಿಕ್ ಸುತ್ತಿ. ನನ್ನ ಡಬ್ಬಿ ಸೋರಿ ಕಾಗದಪತ್ರದ ಫೈಲೆಲ್ಲಾ ಕೆಂಪಾಗಿತ್ತು. ತಿಂಗಳುಗಳ ನಂತರ ವಾಸದ ಪರವಾನಗಿಗೆ ಹೋದಾಗಲೂ ವಾಸನೆ ಬಿಟ್ಟಿರಲಿಲ್ಲ. ಕೌಂಟರಿನ ಹೆಂಗಸು ಫೈಲನ್ನು ಮೂಗಿನ ಹತ್ತಿರ ಹಿಡಿದು ಇದೇನು ಅಂದರು. ಅಪ್ಪೆಮಿಡಿಗೆ ಪೋರ್ಚುಗೀಸಿನಲ್ಲಿ ಏನಂತೀರಿ? ಬೆರಳಿನಲ್ಲಿ ಗೋಲಿಯಷ್ಟು ಅಳತೆ ತೋರಿಸಿ "ಮಾಂಗಾ" ಅಂದೆ. ಆ ಮಾತು ಪೋರ್ಚುಗೀಸರು ಮಲಬಾರಿನಿಂದ ಒಯ್ದದ್ದು. ಆ ಹೆಂಗಸು ನನ್ನ ಬೆರಳು ನೋಡಿದರು, ಇನ್ನೊಮ್ಮೆ ಮೂಸಿದರು, "ಮಾಂಗಾ?" ಅಂತ ಪಕ್ಕದ ಕೌಂಟರಿನವರಿಗೂ ಫೈಲು ದಾಟಿಸಿದರು.