ಬೆಳಗ್ಗೆ ಹೋಗಿದ್ದು 3,800, ಸಂಜೆಗೆ 41,000

ಪ್ರಶ್ನೆ: ಎರಡು ವರ್ಷದಿಂದ ನಿಫ್ಟಿ ಆಪ್ಷನ್ಸ್ (ಷೇರು ಸೂಚ್ಯಂಕ ಏರುತ್ತೋ ಇಳಿಯುತ್ತೋ ಅನ್ನೋದರ ಮೇಲೆ ಹಣ ಹಾಕುವ ಒಪ್ಪಂದ) ಟ್ರೇಡಿಂಗ್ ಮಾಡುತ್ತಿದ್ದೇನೆ. ಕೆಲಸವೂ ಇದೆ. ಚೀಟಿ ಎತ್ತಿ 2 ಲಕ್ಷ ಹಾಕಿದ್ದೆ. ಮೊನ್ನೆ ಎಕ್ಸ್‌ಪೈರಿ ದಿನ (ಒಪ್ಪಂದದ ಅವಧಿ ಮುಗಿಯುವ ದಿನ) ಹತ್ತು ಗಂಟೆಯೊಳಗೆ 3,800 ಹೋಯಿತು. ಅದನ್ನು ವಾಪಸ್ ತರಬೇಕು ಅಂತ ಲಾಟ್ (ಟ್ರೇಡ್‌ನ ಗಾತ್ರ) ಡಬಲ್ ಮಾಡಿದೆ, ಸ್ಟಾಪ್ ಲಾಸ್ (ಇಷ್ಟು ನಷ್ಟವಾದರೆ ತಾನಾಗಿ ಹೊರಬರುವ ಆರ್ಡರ್) ತೆಗೆದೆ. ಮೂರೂವರೆಗೆ ನೋಡಿದರೆ 41,000 ಹೋಗಿತ್ತು. ಮನೆಯಲ್ಲಿ ಹೇಳಿಲ್ಲ. ನಷ್ಟದ ದಿನವನ್ನು ಒಪ್ಪಿಕೊಳ್ಳೋದು ಹೇಗೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮಗೆ ಅವತ್ತು ಆದ ನಷ್ಟ 3,800 ಮಾತ್ರ. ಉಳಿದ 37,200 ಆ ನಷ್ಟವನ್ನು ಒಪ್ಪದೇ ಇದ್ದದ್ದಕ್ಕೆ ಕಟ್ಟಿದ ದಂಡ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

3,800 ಅಂದರೆ ನಿಮ್ಮ ಬಂಡವಾಳದ 2%ಕ್ಕಿಂತ ಕಡಿಮೆ. ಎರಡು ಒಳ್ಳೆಯ ಟ್ರೇಡ್‌ನಲ್ಲಿ ಬಂದುಬಿಡುತ್ತಿತ್ತು. ಈಗ ಉಳಿದಿರುವ 1,59,000 ಮತ್ತೆ 2 ಲಕ್ಷ ಆಗಬೇಕಾದರೆ ಸುಮಾರು 26% ಲಾಭ ಬೇಕು. ಹಳ್ಳ ಆಳವಾದಷ್ಟೂ ಹತ್ತೋದು ಕಷ್ಟ.

ಹತ್ತರಲ್ಲಿ ಆರು ಸಲ ಗೆಲ್ಲುವವನಿಗೂ ಸತತ ಮೂರು ಸೋಲು ಬರುವ ಸಾಧ್ಯತೆ 6%ಕ್ಕಿಂತ ಜಾಸ್ತಿ. ವರ್ಷಕ್ಕೆ ಸುಮಾರು 245 ದಿನ ಮಾರುಕಟ್ಟೆ ತೆರೆದಿರುತ್ತದೆ. ಅಂಥ ಸರಣಿ ಹಲವು ಸಲ ಬಂದೇ ಬರುತ್ತದೆ. ನೀವೇನೋ ತಪ್ಪು ಮಾಡಿದಿರಿ ಅಂತಲ್ಲ, ಲೆಕ್ಕವೇ ಹಾಗೆ.

ಹಾಗಾಗಿ ದಿನದ ನಷ್ಟದ ಮಿತಿಯನ್ನು ಹಿಂದಿನ ರಾತ್ರಿಯೇ ಬರೆದಿಡಿ. ಬಂಡವಾಳದ 2% ಸಾಕು. ಅದು ಮುಟ್ಟಿತೋ, ಆ ದಿನ ಮುಗಿಯಿತು. ಮನಸ್ಸಿನ ಮೇಲೆ ಭರವಸೆ ಬೇಡ, ಯಂತ್ರಕ್ಕೆ ಬಿಡಿ. ಕೆಲವು ಬ್ರೋಕರ್‌ಗಳ ಆ್ಯಪ್‌ನಲ್ಲಿ ಕಿಲ್ ಸ್ವಿಚ್ ಇದೆ. ಒತ್ತಿದರೆ ಕೆಲವು ಗಂಟೆ ಆರ್ಡರ್ ಹಾಕಲು ಆಗುವುದಿಲ್ಲ. ನಾನಂತೂ ಫೋನಿನಿಂದ ಟ್ರೇಡಿಂಗ್ ಆ್ಯಪನ್ನೇ ತೆಗೆದಿದ್ದೇನೆ. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, ನಿಫ್ಟಿ ಸುಮಾರು 6% ಬಿತ್ತು. ನನ್ನ ಮಿತಿ ಹತ್ತೂವರೆಗೇ ಮುಗಿದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಗಾಡಿ ಸರ್ವಿಸ್‌ಗೆ ಬಿಡಲು ಹೋದೆ. ಅಲ್ಲಿನ ಟಿವಿಯಲ್ಲಿ ಕೆಂಪೋ ಕೆಂಪು. ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಜೇಬಲ್ಲಿ ಆ್ಯಪ್ ಇರಲಿಲ್ಲ, ಅಷ್ಟೇ.

ಸಂಜೆ ನೋಟ್‌ಬುಕ್‌ನಲ್ಲಿ ನಷ್ಟವನ್ನು ಎರಡು ಭಾಗ ಮಾಡಿ: ನಿಯಮದ ಪ್ರಕಾರ ಆಡಿ ಹೋದದ್ದು, ನಿಯಮ ಮುರಿದು ಹೋದದ್ದು. ಮೊದಲನೆಯದು ವ್ಯಾಪಾರದ ಖರ್ಚು, ತರಕಾರಿ ಅಂಗಡಿಯವನಿಗೆ ಕೊಳೆತ ಟೊಮೆಟೊ ಇದ್ದ ಹಾಗೆ. ಎರಡನೆಯದನ್ನು ಮಾತ್ರ ನೀವು ತಿದ್ದಬಹುದು.

ಇನ್ನೊಂದು, ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ನಷ್ಟವನ್ನು ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ದು, ಆಗಿನ ವ್ಯಾಪಾರದ ಲಾಭದಲ್ಲಿ ಕಳೆಯಬಹುದು. ಸಂಬಳದ ಆದಾಯದಲ್ಲಿ ಮಾತ್ರ ಕಳೆಯಲು ಬರುವುದಿಲ್ಲ. ನಾಚಿಕೊಂಡು ಮುಚ್ಚಿಟ್ಟರೆ ಅದೂ ಹೋಯಿತು.

ಇಷ್ಟು ಹೇಳಿದ್ದು ನಿಮ್ಮ ಪ್ರಶ್ನೆಗೆ. ನನ್ನನ್ನು ನಿಜವಾಗಿ ಕಾಡಿದ್ದು ಆ ಚೀಟಿ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ನಷ್ಟದಲ್ಲಿದ್ದರು. ಅಂಥ ಕಡೆ ಎತ್ತಿದ ಚೀಟಿಯ ದುಡ್ಡು ಹಾಕುವುದೆಂದರೆ ಸಾಲದ ದುಡ್ಡು ಹಾಕಿದ ಹಾಗೇ ಅಲ್ವಾ? ತಿಂಗಳಾದರೆ ಕಂತು ಕಟ್ಟಲೇಬೇಕು. ಆ ಒತ್ತಡವೇ ಸ್ಟಾಪ್ ಲಾಸ್ ತೆಗೆಸಿದ್ದು ಅಂತ ನನ್ನ ಅನುಮಾನ.

ಉಳಿದ 1,59,000 ಈ ವಾರವೇ ಬ್ಯಾಂಕಿಗೆ ವಾಪಸ್ ತನ್ನಿ. ಎಷ್ಟು ಕಂತು ಬಾಕಿ ಇದೆ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ, 41,000ದ ವಿಷಯವನ್ನೂ ಆಗಲೇ ಹೇಳಿ. ಕೊನೇ ಕಂತು ಕಟ್ಟುವವರೆಗೆ ಟ್ರೇಡಿಂಗ್ ದುಡ್ಡು ಹಾಕದೆ ಕಾಗದದ ಮೇಲಷ್ಟೇ ಇರಲಿ.